ಬ್ರೇಕಿಗೂ ಒಂದು ಹೊತ್ತು

ದೂರದ ಊರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಪ್ರಯಾಣ ಮಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಚಾಲಕನು ಪಳಗಿದವನೋ ಹೊಸಬನೋ ಎಂದು ತಿಳಿಯಲು ಅವನ ಮುಖ ನೋಡಬೇಕಾಗಿಲ್ಲ. ನಮ್ಮ ಕಾಲುಗಳೇ ಅದನ್ನು ಹೇಳುತ್ತವೆ. ಒಂದು ಫರ್ಲಾಂಗು ಮುಂದೆ ಎತ್ತಿನ ಗಾಡಿಯೊಂದು ರಸ್ತೆಗೆ ಹೊರಳುವ ಸೂಚನೆ ಕಂಡೊಡನೆ ಪಳಗಿದವನ ಪಾದ ಆಕ್ಸಿಲರೇಟರಿನಿಂದ ತಾನಾಗಿ ಮೇಲೇಳುತ್ತದೆ. ಬಸ್ಸು ತನ್ನಷ್ಟಕ್ಕೆ ನಿಧಾನವಾಗುತ್ತದೆ. ಬ್ರೇಕಿಗೆ ಉಳಿಯುವ ಕೆಲಸ ಅಲ್ಪ. ಹೊಸಬನಾದರೋ ಗಾಡಿಯ ಹತ್ತಿರಕ್ಕೆ ಬರುವವರೆಗೂ ಅದೇ ವೇಗದಲ್ಲಿ ಸಾಗಿ, ಕೊನೆಯ ಗಳಿಗೆಯಲ್ಲಿ ಬ್ರೇಕನ್ನು ಒತ್ತಿಬಿಡುತ್ತಾನೆ. ನಿಂತವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎರಡು ಸಲವೂ ಬಸ್ಸು ನಿಂತಿತು, ಅಪಘಾತವಾಗಲಿಲ್ಲ ಎಂಬುದು ನಿಜ. ಆದರೂ ಎರಡನ್ನೂ ಒಂದೇ ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಈ ವ್ಯತ್ಯಾಸವನ್ನು ಈಗ ನೆನೆಯಲು ಕಾರಣವಿದೆ. ಇಂದಿನ ಅನೇಕ ಕಾರುಗಳಲ್ಲಿ ಚಾಲಕನಿಗೆ ನೆರವಾಗಲೆಂದು ಯಂತ್ರವೇ ಬ್ರೇಕು ಹಾಕುತ್ತದೆ. 2020ರಿಂದೀಚೆಗೆ ನಮ್ಮ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲೂ ಈ ಸೌಕರ್ಯ ಹೆಚ್ಚುಹೆಚ್ಚಾಗಿ ಕಾಣತೊಡಗಿದೆ. ಇಂಥ ಕಾರಿನಲ್ಲಿ ಹೆದ್ದಾರಿಯ ಮೇಲೆ ಹೋದವರು ಹೇಳುವ ದೂರೊಂದುಂಟು. ಮುಂದೆ ವಾಹನಗಳ ಸಾಲು ನಿಂತಿರುವುದು ತಮಗೆ ಎಷ್ಟೋ ಮೊದಲೇ ಕಾಣುತ್ತದೆ. ಯಂತ್ರ ಮಾತ್ರ ಏನೂ ಅರಿಯದಂತೆ ಮುಂದುವರಿದು, ಹತ್ತಿರಕ್ಕೆ ಹೋದ ಮೇಲೆ ಬೆಚ್ಚಿಬಿದ್ದಂತೆ ಬ್ರೇಕು ಹಾಕುತ್ತದೆ. ಇಷ್ಟು ಜಾಣತನವುಳ್ಳ ಯಂತ್ರ ಹೊಸ ಚಾಲಕನಂತೆ ವರ್ತಿಸುವುದೇಕೆ?

ಮೊದಲು ತಿಳಿಯಬೇಕಾದುದು, ಇಲ್ಲಿರುವ ಏರ್ಪಾಡು ಒಂದಲ್ಲ, ಎರಡು ಎಂಬುದು. ಮುಂದಿನ ವಾಹನದಿಂದ ಗೊತ್ತುಪಡಿಸಿದ ಅಂತರವನ್ನು ಕಾಯ್ದುಕೊಂಡು ಸಾಗುವುದು ಮೊದಲನೆಯದರ ಕೆಲಸ. ಇದು ಪ್ರಯಾಣದ ಸುಖಕ್ಕಾಗಿ ಇರುವಂಥದು. ಆದ್ದರಿಂದ ಇದು ಎಷ್ಟು ಬಲವಾಗಿ ಬ್ರೇಕು ಹಾಕಬಹುದೆಂಬುದಕ್ಕೆ ಮಿತಿಯುಂಟು. ಹೆದ್ದಾರಿಯ ವೇಗದಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 3.5 ಮೀಟರಿನಷ್ಟು ಮಾತ್ರ ವೇಗ ಕುಗ್ಗಿಸಬಹುದೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಎರಡನೆಯದು ಡಿಕ್ಕಿ ಇನ್ನೇನು ಆಗಿಯೇ ಬಿಟ್ಟಿತು ಎನ್ನುವಾಗ ಎಚ್ಚರಗೊಳ್ಳುವ ತುರ್ತು ಬ್ರೇಕು. ಅದಕ್ಕೆ ಸುಖದ ಚಿಂತೆಯಿಲ್ಲ. ಚಕ್ರಗಳ ಹಿಡಿತ ಇರುವಷ್ಟೂ ಅದು ಒತ್ತುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 100 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಒಳಗಿನವರಿಗೆ ಆಯಾಸವಾಗದಂತೆ ಅದನ್ನು ನಿಲ್ಲಿಸಲು ಸುಮಾರು 190 ಮೀಟರು ಬೇಕು. ಮೊದಲನೆಯ ಏರ್ಪಾಡು ತನ್ನ ಮಿತಿಯವರೆಗೆ ಒತ್ತಿದರೂ 110 ಮೀಟರು ಬೇಕು. ಒಣಗಿದ ರಸ್ತೆಯ ಮೇಲೆ ತುರ್ತು ಬ್ರೇಕಿಗೆ 50 ಮೀಟರಿನಷ್ಟು ಸಾಕು. ನಿಂತಿರುವ ಸಾಲನ್ನು ಯಂತ್ರ 60 ಮೀಟರು ದೂರದಲ್ಲಿ ಗುರುತಿಸಿತೆನ್ನಿ. ಆಗ ಮೃದುವಾದ ಬ್ರೇಕಿನ ಹೊತ್ತು ಮೀರಿಹೋಗಿದೆ. ಕಟುವಾದ ಬ್ರೇಕೊಂದೇ ಉಳಿದಿದೆ. ಬ್ರೇಕು ಕಟುವಾಗುವುದು ಅದು ತಡವಾದುದರ ಫಲವೇ.

ಹಾಗಾದರೆ ತಡವೇಕೆ? ಯಂತ್ರದ ಕಣ್ಣುಗಳನ್ನು ನೋಡಬೇಕು. ಅವುಗಳಲ್ಲಿ ಒಂದು ರೇಡಾರು. ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲಿನ ಸೀಟಿ ಹತ್ತಿರ ಬರುವಾಗ ಒಂದು ಶ್ರುತಿಯಲ್ಲಿಯೂ ದೂರ ಸರಿಯುವಾಗ ಇನ್ನೊಂದು ಶ್ರುತಿಯಲ್ಲಿಯೂ ಕೇಳುತ್ತದೆಯಲ್ಲವೆ? ಅದೇ ತತ್ತ್ವದಿಂದ ರೇಡಾರು ಮುಂದಿನ ವಸ್ತುವಿನ ವೇಗವನ್ನು ಬಹು ನಿಖರವಾಗಿ ಅಳೆಯುತ್ತದೆ. ಆದರೆ ಆ ವಸ್ತು ಯಾವ ಆಕಾರದ್ದು, ಎಷ್ಟು ಎತ್ತರದಲ್ಲಿದೆ ಎಂಬುದನ್ನು ತಿಳಿಯುವುದರಲ್ಲಿ ಸಾಮಾನ್ಯ ರೇಡಾರು ಮಂದ. ಹೆದ್ದಾರಿಯಲ್ಲಿ ಕದಲದ ಲೋಹಕ್ಕೆ ಬರವಿಲ್ಲ: ತಲೆಯ ಮೇಲಿನ ಫಲಕಗಳು, ಅಂಚಿನ ಕಬ್ಬಿಣದ ತಡೆಗಳು, ಸೇತುವೆಗಳು. ಇವೆಲ್ಲವೂ ರೇಡಾರಿಗೆ ಎದುರಾಗಿ ನುಗ್ಗಿ ಬರುವಂತೆಯೇ ತೋರುತ್ತವೆ. ಪ್ರತಿಯೊಂದಕ್ಕೂ ಬ್ರೇಕು ಹಾಕಿದರೆ ಪ್ರಯಾಣ ಸಾಗುವುದಿಲ್ಲ. ಆದ್ದರಿಂದ ಕದಲದ ವಸ್ತುಗಳ ಮಾತನ್ನು ಅಷ್ಟಾಗಿ ನಂಬಬೇಡವೆಂದು ಯಂತ್ರಕ್ಕೆ ಕಲಿಸಿದ್ದಾರೆ. ಕೆಟ್ಟು ನಿಂತ ಲಾರಿಯೂ ಕದಲದ ವಸ್ತುವೇ.

ಇನ್ನೊಂದು ಕಣ್ಣು ಕ್ಯಾಮೆರಾ. ಅದು ಆಕಾರವನ್ನು ಗುರುತಿಸಬಲ್ಲುದು. ಆದರೆ ದೂರದ ವಾಹನ ಅದಕ್ಕೆ ಒಂದು ಚುಕ್ಕೆ. ಆ ಚುಕ್ಕೆ ಬಹಳ ಹೊತ್ತು ಬಹು ನಿಧಾನವಾಗಿ ದೊಡ್ಡದಾಗುತ್ತ, ಕೊನೆಯಲ್ಲಿ ಒಮ್ಮೆಗೇ ಹಿಗ್ಗುತ್ತದೆ. ಎರಡೂ ಕಣ್ಣುಗಳ ಸಾಕ್ಷ್ಯ ಕೂಡಿ ಬರಲೆಂದು ಯಂತ್ರ ಕಾಯುತ್ತದೆ. ಕಾಯುವ ಒಂದೊಂದು ಸೆಕೆಂಡಿಗೂ 28 ಮೀಟರು ರಸ್ತೆ ಕಳೆದುಹೋಗುತ್ತದೆ.

ಇದರ ಪರಿಣಾಮ ಎಷ್ಟರ ಮಟ್ಟಿಗೆ ಹೋಗಬಹುದೆಂಬುದಕ್ಕೆ ಅಮೆರಿಕದ ಒಂದು ಘಟನೆ ಸಾಕ್ಷಿಯಾಗಿದೆ. 2018ರ ಜನವರಿ 22ರಂದು ಕ್ಯಾಲಿಫೋರ್ನಿಯದ ಕಲ್ವರ್ ಸಿಟಿಯ ಹೆದ್ದಾರಿಯಲ್ಲಿ ಟೆಸ್ಲಾ ಕಾರೊಂದು ಮುಂದಿನ ವಾಹನವನ್ನು ಅನುಸರಿಸುತ್ತ ಗಂಟೆಗೆ ಸುಮಾರು 34 ಕಿಲೋಮೀಟರು ವೇಗದಲ್ಲಿ ಸಾಗುತ್ತಿತ್ತು. ಮುಂದಿನ ವಾಹನ ಪಕ್ಕದ ಸಾಲಿಗೆ ಸರಿಯಿತು. ಅದು ಸರಿದ ಜಾಗದಲ್ಲಿ ಕಂಡದ್ದು ನಿಂತಿದ್ದ ಅಗ್ನಿಶಾಮಕ ದಳದ ಲಾರಿ. ಯಂತ್ರಕ್ಕೆ ಮಾತ್ರ ಕಂಡದ್ದು ತೆರವಾದ ದಾರಿ. ಚಾಲಕ ಗೊತ್ತುಪಡಿಸಿದ್ದ ವೇಗ ಗಂಟೆಗೆ 128 ಕಿಲೋಮೀಟರು. ಅದನ್ನು ಮುಟ್ಟಲೆಂದು ಕಾರು ವೇಗ ಹೆಚ್ಚಿಸಿಕೊಂಡಿತು. ಎಚ್ಚರಿಕೆಯ ಸದ್ದು ಕೇಳಿದ್ದು ಡಿಕ್ಕಿಗೆ ಅರ್ಧ ಸೆಕೆಂಡು ಮೊದಲು. ಬ್ರೇಕು ಬೀಳಲೇ ಇಲ್ಲ. ಡಿಕ್ಕಿಯ ವೇಗ ಗಂಟೆಗೆ ಸುಮಾರು 50 ಕಿಲೋಮೀಟರು. ಅದೃಷ್ಟವಶಾತ್ ಚಾಲಕನಿಗೆ ಗಾಯವಾಗಲಿಲ್ಲ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ವಿಚಾರಣೆ ನಡೆಸಿ, ಚಾಲಕ ಮೈಮರೆತು ಯಂತ್ರವನ್ನು ಅತಿಯಾಗಿ ನಂಬಿದ್ದನ್ನೂ, ಹಾಗೆ ಮೈಮರೆಯಲು ಅವಕಾಶ ಕೊಟ್ಟ ರಚನೆಯನ್ನೂ ಕಾರಣಗಳೆಂದು ಹೆಸರಿಸಿತು.

ಯಂತ್ರವನ್ನು ಇನ್ನಷ್ಟು ಚುರುಕಾಗಿಸಿದರೆ ಆಗದೆ ಎಂದು ನೀವು ಕೇಳಬಹುದು. ಆಗ ಎದುರಾಗುವುದು ವಿರುದ್ಧ ದಿಕ್ಕಿನ ತೊಂದರೆ. ಏನೂ ಇಲ್ಲದ ರಸ್ತೆಯಲ್ಲಿ ಕಾರು ಹಠಾತ್ತನೆ ಬ್ರೇಕು ಹಾಕುತ್ತದೆಂದು 9 ತಿಂಗಳಲ್ಲಿ 354 ದೂರುಗಳು ಬಂದುದರಿಂದ, 2022ರ ಫೆಬ್ರವರಿಯಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆ ಅದೇ ಕಂಪನಿಯ ಸುಮಾರು 4,16,000 ಕಾರುಗಳ ಬಗೆಗೆ ತನಿಖೆ ಆರಂಭಿಸಿತು. ಇಲ್ಲದ ಅಪಾಯಕ್ಕೆ ಬೆದರುವುದು ಒಂದು ದೋಷ. ಇರುವ ಅಪಾಯವನ್ನು ಕಾಣದಿರುವುದು ಇನ್ನೊಂದು. ಒಂದನ್ನು ಕುಗ್ಗಿಸಿದರೆ ಇನ್ನೊಂದು ಹಿಗ್ಗುತ್ತದೆ. ನಿಶ್ಚಯವಾಗುವವರೆಗೆ ತಡೆದು ಆಮೇಲೆ ಬಲವಾಗಿ ಒತ್ತುವುದು ಇವೆರಡರ ನಡುವೆ ಎಂಜಿನಿಯರುಗಳು ಮಾಡಿಕೊಂಡ ರಾಜಿ.

ಆ ರಾಜಿಯ ಬೆಲೆಯಲ್ಲಿ ಒಂದು ಪಾಲನ್ನು ತೆರುವವರು ಹಿಂದೆ ಬರುವವರು. 2008ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ 230 ಮೀಟರು ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಯಾವ ಅಡ್ಡಿಯೂ ಇರಲಿಲ್ಲ. ಆದರೂ ಯಾರೋ ಒಬ್ಬರು ತುಸು ನಿಧಾನಿಸಿದ್ದು ಹಿಂದಿನವರಲ್ಲಿ ಹೆಚ್ಚುಹೆಚ್ಚಾಗಿ ಬೆಳೆದು, ಕೆಲವು ಕಾರುಗಳು ಪೂರ್ತಿ ನಿಂತೇಬಿಟ್ಟವು. ಆ ತಡೆ ಅಲೆಯಂತೆ ಗಂಟೆಗೆ ಸುಮಾರು 20 ಕಿಲೋಮೀಟರು ವೇಗದಲ್ಲಿ ಹಿಂದಕ್ಕೆ ಸಾಗಿತು. ಯಂತ್ರಗಳು ಈ ಅಲೆಯನ್ನು ತಣಿಸಬಹುದೆಂಬ ಆಸೆಯಿತ್ತು. ಅಮೆರಿಕದ ಸಂಶೋಧಕರು ಅಂತರ ಕಾಯುವ ಏರ್ಪಾಡುಳ್ಳ 2018ರ ಮಾದರಿಯ 7 ಬಗೆಯ ಕಾರುಗಳನ್ನು ಪರೀಕ್ಷಿಸಿದಾಗ, ಏಳೂ ಅಲೆಯನ್ನು ಹಿಗ್ಗಿಸುವಂಥವೇ ಎಂದು ಕಂಡುಬಂತು. ಮುಂದಿನವನು ಒಂದು ಪಾಲು ಬ್ರೇಕು ಹಾಕಿದರೆ ಹಿಂದಿನದು ಒಂದೂಕಾಲು ಪಾಲು ಹಾಕುವ ಬಗೆ ಇದು. ಸಾಲಿನ ತುದಿಯಲ್ಲಿರುವವನ ಪಾಲಿಗೆ ಉಳಿಯುವುದು ಹಠಾತ್ ನಿಲುಗಡೆ.

ಇಷ್ಟೆಲ್ಲ ಹೇಳಿದ್ದು ಈ ಯಂತ್ರಗಳು ಬೇಡವೆಂದು ವಾದಿಸುವುದಕ್ಕಲ್ಲ. ಎಚ್ಚರಿಕೆಯ ಸದ್ದೂ ತುರ್ತು ಬ್ರೇಕೂ ಇರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದಿವೆಯೆಂದು ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷಾ ಸಂಸ್ಥೆ ಲೆಕ್ಕಹಾಕಿದೆ. ಯೂರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ತುರ್ತು ಬ್ರೇಕು ಕಡ್ಡಾಯ. ಉಳಿಯುವ ಜೀವಗಳು ನಿಜವಾದುವು. ಆದರೆ ಕೊನೆಯ ಆಸರೆಯಾಗಿ ರಚಿಸಿದ್ದನ್ನು ಮೊದಲ ಆಸರೆಯೆಂದು ನೆಚ್ಚಿಕೊಂಡರೆ ಆ ಲಾಭವೇ ಕೈತಪ್ಪುತ್ತದೆ.

ನಮ್ಮ ರಸ್ತೆಗಳಲ್ಲಂತೂ ಈ ಎಚ್ಚರ ಹೆಚ್ಚಿಗೆ ಬೇಕು. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ದ್ರುತಮಾರ್ಗದ ಮುಖ್ಯ ಸಾಲುಗಳಲ್ಲಿ ಅದೇ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಬೇರೆ ಹೆದ್ದಾರಿಗಳಲ್ಲಿ ಇವೆಲ್ಲವೂ ಕೂಡಿಯೇ ಸಾಗುತ್ತವೆ. ಯಂತ್ರ ಕಾಯ್ದಿಟ್ಟ ಅಂತರವನ್ನು ನಮ್ಮಲ್ಲಿ ಖಾಲಿ ಜಾಗವೆಂದೇ ತಿಳಿದು ಒಬ್ಬರು ನುಸುಳುತ್ತಾರೆ. ಅಂತರ ಕುಗ್ಗಿತೆಂದು ಯಂತ್ರ ಬ್ರೇಕು ಹಾಕುತ್ತದೆ. ನುಸುಳುವವನ ಮುಂದಿನ ಚಕ್ರ ಹೊರಳಿದುದನ್ನು ಚಾಲಕನ ಕಣ್ಣು ಮೊದಲೇ ಕಂಡಿರುತ್ತದೆ.

ಆದ್ದರಿಂದ ಇಂಥ ಕಾರು ಓಡಿಸುವವರು ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕು. ಯಂತ್ರ ಕೊಡುವ ಅಂತರಗಳಲ್ಲಿ ದೊಡ್ಡದನ್ನೇ ಆರಿಸಿಕೊಳ್ಳಿ. ದೂರದಲ್ಲಿ ಸಾಲು ನಿಂತದ್ದು ಕಂಡೊಡನೆ ಯಂತ್ರಕ್ಕಾಗಿ ಕಾಯದೆ ನೀವೇ ಮೃದುವಾಗಿ ಬ್ರೇಕು ಮುಟ್ಟಿ. ಹಿಂದಿನವನಿಗೆ ನಿಮ್ಮ ಕೆಂಪು ದೀಪ ಬೇಗ ಕಾಣುತ್ತದೆ. ಮುಂದಿನ ವಾಹನ ಪಕ್ಕಕ್ಕೆ ಸರಿದರೆ ಏಕೆ ಸರಿಯಿತೆಂದು ಆ ಕ್ಷಣವೇ ಕೇಳಿಕೊಳ್ಳಿ. ಅಂಥ ಕಾರಿನ ಹಿಂದೆ ಹೋಗುವಾಗ, ಅದು ಕಾರಣವಿಲ್ಲದೆಯೂ ನಿಂತೀತೆಂದು ದೂರ ಉಳಿಯಿರಿ.

ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲುಗಳನ್ನಿಟ್ಟು ಸೊಪ್ಪಿನ ಕೊಂಬೆಯೊಂದನ್ನು ಹಾಕುವುದು ನಮ್ಮ ಲಾರಿ ಚಾಲಕರ ಹಳೆಯ ರೂಢಿ. ರಸ್ತೆಯ ಮೇಲೆ ಹಸಿರೆಲೆ ಕಂಡರೆ ಮುಂದೇನಿದೆಯೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಪಾದ ತಾನಾಗಿ ಮೇಲೇಳುತ್ತದೆ. ಯಂತ್ರಕ್ಕೆ ಅದು ಬರಿಯ ಸೊಪ್ಪು. ಅದರ ಅರ್ಥ ಬಲ್ಲವರು ಚಕ್ರದ ಮುಂದೆ ಕುಳಿತಿರುವವರೆಗೆ, ಬ್ರೇಕಿನ ಹೊತ್ತನ್ನು ನಿರ್ಧರಿಸುವ ಹೊಣೆಯೂ ಅವರದೇ.