ಜಠರದ ಹುಣ್ಣು ಮತ್ತು ಜ್ಯೇಷ್ಠಮಧು

ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ನೋವು ಕಾಣಿಸಿದಾಗ ಜ್ಯೇಷ್ಠಮಧುವಿನ ಬೇರನ್ನು ಕುದಿಸಿ ಕುಡಿಯುವ ರೂಢಿ ಅನೇಕ ಮನೆಗಳಲ್ಲಿದೆ. ಬೇರಿನ ಔಷಧಿಯಿಂದ ಗುಣವಾಗದಿದ್ದರೂ ಕೇಡಂತೂ ಇಲ್ಲ ಎಂಬುದು ಹಲವರ ನಂಬಿಕೆ. ಇದರಲ್ಲಿ ನಿಜವೆಷ್ಟು, ತಪ್ಪೆಷ್ಟು ಎಂಬುದನ್ನು ದಂಪತಿಗಳಾದ ನೀವಿಬ್ಬರೂ ಅರಿತಿರುವುದು ಅವಶ್ಯಕ.

ಹುಣ್ಣು ಏಕೆ ಆಗುತ್ತದೆ?

ಉಂಡ ಆಹಾರವನ್ನು ಅರಗಿಸಲು ಜಠರದಲ್ಲಿ ತೀಕ್ಷ್ಣವಾದ ಆಮ್ಲವು ಸ್ರವಿಸುತ್ತದೆ. ಗಾರೆಯು ಗೋಡೆಯನ್ನು ಮಳೆಯಿಂದ ಕಾಯುವಂತೆ, ಲೋಳೆಯ ಲೇಪವೊಂದು ಜಠರದ ಒಳಗೋಡೆಯನ್ನು ಈ ಆಮ್ಲದಿಂದ ಕಾಯುತ್ತದೆ. ಈ ರಕ್ಷಣೆಯು ಕುಂದಿದಾಗ ಹುಣ್ಣಾಗುತ್ತದೆ. ಇದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು 1982ರಲ್ಲಿ ಪತ್ತೆಹಚ್ಚಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಎರಡನೆಯದು, ಮೈಕೈ ನೋವಿಗೆಂದು ಪದೇ ಪದೇ ನುಂಗುವ ನೋವಿನ ಮಾತ್ರೆಗಳು.

ಸಸ್ಯಗಳ ಗುಣವೇನು?

ಜ್ಯೇಷ್ಠಮಧುವಿನ ಗುಣವು ಕೇವಲ ಕಲ್ಪನೆಯಲ್ಲ. 1946ರಲ್ಲಿ ಹಾಲೆಂಡಿನ ವೈದ್ಯ ರೆವರ್ಸ್ ಅವರು ಇದರ ಸಾರದಿಂದ ಹುಣ್ಣಿನ ರೋಗಿಗಳಿಗೆ ಉಪಶಮನವಾದುದನ್ನು ವರದಿ ಮಾಡಿದರು. ಬಳಿಕ ಇದೇ ಬೇರಿನ ಸತ್ತ್ವದಿಂದ ಕಾರ್ಬೆನಾಕ್ಸಲೋನ್ ಎಂಬ ಔಷಧಿಯನ್ನು ತಯಾರಿಸಲಾಯಿತು. ಅದು ಲೋಳೆಯ ಲೇಪವನ್ನು ಬಲಪಡಿಸುತ್ತಿತ್ತು. ಬಾಳೆಕಾಯಿಯ ಪುಡಿಯೂ ಇಲಿಗಳಲ್ಲಿ ಆಸ್ಪಿರಿನ್‌ನಿಂದಾಗುವ ಹುಣ್ಣನ್ನು ತಡೆಯಿತೆಂದು 1984ರಲ್ಲಿ ಪ್ರಕಟವಾಯಿತು. ಆದರೆ ಇಲಿಗಳಲ್ಲಿ ಕಂಡ ಫಲವು ಮನುಷ್ಯರ ಚಿಕಿತ್ಸೆಗೆ ಆಧಾರವಾಗಲಾರದು. ಬಾಳೆಕಾಯಿಯನ್ನು ಪಲ್ಯವಾಗಿ ಉಣ್ಣಲು ಅಡ್ಡಿಯಿಲ್ಲ; ಅದನ್ನೇ ಔಷಧಿಯೆಂದು ನಂಬಿ ಕೂರಬಾರದು.

ಅಪಾಯವೆಲ್ಲಿದೆ?

ರೆವರ್ಸ್ ಅವರ ರೋಗಿಗಳಲ್ಲಿ ಕೆಲವರಿಗೆ ಮೈ ಊದಿಕೊಂಡಿತು. ಜ್ಯೇಷ್ಠಮಧುವನ್ನು ಹೆಚ್ಚಾಗಿ ಅಥವಾ ಬಹುದಿನ ಸೇವಿಸಿದರೆ ಶರೀರದಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಕಡಿಮೆಯಾಗುತ್ತದೆ, ರಕ್ತದೊತ್ತಡವು ಏರುತ್ತದೆ. ಆದುದರಿಂದ ಗರ್ಭಿಣಿಯರೂ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಉಳ್ಳವರೂ ಇದನ್ನು ಔಷಧಿಯಾಗಿ ಸೇವಿಸಕೂಡದು.

ಇದಕ್ಕಿಂತಲೂ ದೊಡ್ಡ ಕೇಡೆಂದರೆ ಕಾಲಹರಣ. ಕಷಾಯದಿಂದ ಉರಿಯು ತಗ್ಗಬಹುದು. ಆದರೆ ಅದನ್ನು ನೆಚ್ಚಿ ರೋಗಾಣುವು ತೊಲಗಿತೆಂದು ಭಾವಿಸಲಾಗದು. ನೋವು ಕಡಿಮೆಯಾಯಿತೆಂದು ಸುಮ್ಮನಿದ್ದು, ಒಂದು ದಿನ ರಕ್ತ ಕಾರಿಕೊಂಡು ಬರುವ ರೋಗಿಗಳನ್ನು ನಾವು ಆಸ್ಪತ್ರೆಯಲ್ಲಿ ಕಾಣುತ್ತೇವೆ.

ನೀವು ಮಾಡಬೇಕಾದುದೇನು?

ಹೊಟ್ಟೆಯುರಿ ಎರಡು ವಾರ ಮೀರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಕುಡಿಯುತ್ತಿರುವ ಕಷಾಯ, ನುಂಗುತ್ತಿರುವ ಮಾತ್ರೆಗಳನ್ನು ಸಂಕೋಚವಿಲ್ಲದೆ ತಿಳಿಸಿರಿ. ರೋಗಾಣುವಿರುವುದು ಪರೀಕ್ಷೆಯಿಂದ ಖಚಿತವಾದರೆ ಸಾಮಾನ್ಯವಾಗಿ 14 ದಿನಗಳ ಔಷಧಿಯಿಂದ ಅದನ್ನು ನಿರ್ಮೂಲ ಮಾಡಬಹುದು. ನೋವು ನಿಂತಿತೆಂದು ಔಷಧಿಯನ್ನು ನಡುವೆ ಬಿಡಬಾರದು. ಬೀಡಿ, ಮದ್ಯಗಳನ್ನು ತ್ಯಜಿಸಿರಿ.

ರಕ್ತವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ಇದ್ದಕ್ಕಿದ್ದಂತೆ ಸಹಿಸಲಾಗದ ಹೊಟ್ಟೆನೋವು – ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ. ಕಬ್ಬಿಣಾಂಶದ ಮಾತ್ರೆಗಳಿಂದಲೂ ಮಲವು ಕಪ್ಪಾಗುವುದುಂಟು. ಸಂದೇಹವಿದ್ದಲ್ಲಿ ವೈದ್ಯರೇ ನಿರ್ಧರಿಸಲಿ.

ಮನೆಯವರೆಲ್ಲರ ಊಟವಾದ ಮೇಲೆ ಉಣ್ಣುವ ಗೃಹಿಣಿಯು ತನ್ನ ನೋವನ್ನು ಹೇಳಿಕೊಳ್ಳುವುದೂ ಕೊನೆಗೇ. ಪತಿಯಾದವನು ತಾನಾಗಿ ವಿಚಾರಿಸಿ, ಆಕೆಯನ್ನು ಆಸ್ಪತ್ರೆಗೆ ಕರೆತರಲಿ. ಸಕಾಲದ ಚಿಕಿತ್ಸೆಯೇ ಸಂಸಾರಕ್ಕೆ ರಕ್ಷೆ.