ಕಾವಲಿಲ್ಲದ ತಡಬೆ

ಇನ್‌ಕ್ಯುಬೇಟರ್ ಬಾಗಿಲು ತೆಗೆದೊಡನೆ ಬೆಚ್ಚನೆಯ ನಾತವೊಂದು ಮುಖಕ್ಕೆ ಬಡಿಯಿತು. 37 ಡಿಗ್ರಿ ಕಾವಿನಲ್ಲಿ ರಾತ್ರಿಯಿಡೀ ಉಂಡು ಬೆಳೆದ ಇ. ಕೋಲಿಯ ವಾಸನೆ, ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಪ್ರಾಕ್ಟಿಕಲ್‌ಗೆ ಬಂದ ಹುಡುಗಿ ಪೆಟ್ರಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಣಹುಲ್ಲಿನ ಬಣ್ಣದ ಅಗರ್ ಮೇಲೆ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಹಬ್ಬಿತ್ತು. ನಡುವೆ ಹಣೆಬೊಟ್ಟಿನಷ್ಟು ಚಿಕ್ಕ ಎರಡು ಬಿಳಿ ಕಾಗದದ ಬಿಲ್ಲೆಗಳು. ಆಂಪಿಸಿಲಿನ್ ಬಿಲ್ಲೆಯ ಸುತ್ತ ಸುಮಾರು 20 ಮಿಲಿಮೀಟರ್ ಅಗಲಕ್ಕೆ ಮಂಜು ಹರಿದು ತಿಳಿಯಾಗಿತ್ತು. ವ್ಯಾಂಕೊಮೈಸಿನ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬಂದು ಒತ್ತರಿಸಿಕೊಂಡು ಕೂತಿತ್ತು.

“ಇದು ಕೆಲಸಾನೇ ಮಾಡಿಲ್ಲ ಸರ್. ಬಿಲ್ಲೆ ಹಳೇದಿರ್ಬೇಕು” ಎಂದಳು.

“ಬಿಲ್ಲೆ ಹೊಸದೇ ಕಣಮ್ಮ. ಔಷಧಿ ಒಳಗೆ ಹೋಗ್ಲಿಲ್ಲ, ಅಷ್ಟೆ” ಎಂದರು ಮೇಷ್ಟ್ರು.

ಎರಡೂ ಔಷಧಿಗಳು ಕೆಡಿಸುವುದು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳುವ ಕೆಲಸವನ್ನೇ. ಆದರೆ ಆಂಪಿಸಿಲಿನ್ ಅಣುವಿನ ತೂಕ 349 ಡಾಲ್ಟನ್, ವ್ಯಾಂಕೊಮೈಸಿನ್ನಿನದು 1449. ಇ. ಕೋಲಿಯ ಗೋಡೆಗೆ ಹೊರಗಿನಿಂದ ಇನ್ನೊಂದು ಪೊರೆಯ ಹೊದಿಕೆ ಇದೆ. ಆ ಹೊದಿಕೆಯಲ್ಲಿ ಕಿಂಡಿಗಳಿವೆ. ಅವುಗಳಲ್ಲಿ ಸುಮಾರು 600 ಡಾಲ್ಟನ್ನಿಗಿಂತ ದಪ್ಪನೆಯದು ನುಸುಳುವುದಿಲ್ಲ.

ಮಲೆನಾಡಿನ ಬೇಲಿಯಲ್ಲಿ ತಡಬೆ ಎಂದೊಂದು ಇರುತ್ತದೆ. ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನ ನಿಂತು ನೋಡುತ್ತದೆ. ಅಲ್ಲಿ ಕಾವಲುಗಾರನಿಲ್ಲ, ಬೀಗವಿಲ್ಲ. ಯಾರು ಬರಬೇಕು, ಯಾರು ಬರಬಾರದು ಎಂಬುದನ್ನು ಕಟ್ಟಿದ ರೀತಿಯೇ ತೀರ್ಮಾನಿಸುತ್ತದೆ. ಬ್ಯಾಕ್ಟೀರಿಯಾದ ಕಿಂಡಿಗಳನ್ನು ಓದುವಾಗೆಲ್ಲ ನನಗೆ ನೆನಪಾಗುವುದು ಅದೇ. ಪುಸ್ತಕಗಳು ಇವನ್ನು ‘ದ್ವಾರಪಾಲಕ’ ಎಂದು ಕರೆದುಬಿಡುತ್ತವೆ. ಪಾಲಕ ಅಲ್ಲಿಲ್ಲ, ಇರುವುದು ಬರೀ ದ್ವಾರ.

ಈ ಕಿಂಡಿ ಪ್ರೋಟೀನುಗಳಿಗೆ ‘ಪೋರಿನ್’ ಎಂದು ಹೆಸರು. ವಿಜ್ಞಾನಿ ತೈಜಿ ನಕಾಯೆ 1976ರಲ್ಲಿ ಮಾಡಿದ ಪ್ರಯೋಗ ಎಷ್ಟು ಸರಳವೆಂದರೆ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವವರಿಗೂ ಅರ್ಥವಾದೀತು. ಜಿಡ್ಡಿನ ಪುಟ್ಟ ಗುಳ್ಳೆಗಳೊಳಗೆ ಸಕ್ಕರೆಯನ್ನೂ ಡೆಕ್ಸ್‌ಟ್ರಾನ್ ಎಂಬ ಭಾರಿ ಅಣುವನ್ನೂ ತುಂಬಿ, ಪೊರೆಗೆ ಈ ಪ್ರೋಟೀನನ್ನು ಸೇರಿಸಿದರು. ಸಕ್ಕರೆ ಸೋರಿಹೋಯಿತು, ಡೆಕ್ಸ್‌ಟ್ರಾನ್ ಒಳಗೇ ಉಳಿಯಿತು.

ಈಗ ಇನ್ನೂ ಹತ್ತಿರ ಹೋಗೋಣ. ಎರಡು ಮೈಕ್ರೋಮೀಟರ್ ಉದ್ದದ ಒಂದು ಜೀವಿಯ ಮೈತುಂಬ ಇಂಥ ಕಿಂಡಿ ಪ್ರೋಟೀನುಗಳು ಲಕ್ಷದ ಲೆಕ್ಕದಲ್ಲಿವೆ. ಆಂಪಿಸಿಲಿನ್ ಹೆಚ್ಚಾಗಿ ನುಗ್ಗುವುದು ಆಂಪ್‌ಎಫ್ ಎಂಬುದರಲ್ಲಿ. ಅದರ ರೂಪವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವಿಜ್ಞಾನಿಗಳು 1992ರಲ್ಲಿ ಎಕ್ಸ್‌-ರೇ ಬೀರಿ ಕಂಡುಹಿಡಿದರು. ಹದಿನಾರು ಪಟ್ಟಿಗಳನ್ನು ಓರೆಯಾಗಿ ನಿಲ್ಲಿಸಿ ಸುತ್ತಲೂ ಹೆಣೆದ, ತಳ ಕಿತ್ತುಹೋದ ಬಿದಿರು ಕುಕ್ಕೆಯಂತಿದೆ ಅದು. ಅಂಥ ಮೂರು ಕುಕ್ಕೆಗಳು ಬೆನ್ನಿಗೆ ಬೆನ್ನು ಕೊಟ್ಟು ಪೊರೆಯಲ್ಲಿ ಹೂತು ನಿಂತಿವೆ. ಬಾಯಿ ಅಗಲವಾಗಿಯೇ ಇದೆ. ಆದರೆ ಗೋಡೆಯಿಂದ ಕುಣಿಕೆಯೊಂದು ಒಳಕ್ಕೆ ಮಡಚಿ ನಡುದಾರಿಯನ್ನು ಬಿಗಿದಿದೆ. ಆ ಇಕ್ಕಟ್ಟಿನ ಅಳತೆ ಒಂದು ಕಡೆ 0.7 ನ್ಯಾನೋಮೀಟರ್, ಇನ್ನೊಂದು ಕಡೆ 1.1.

ಅಳತೆಯಷ್ಟೇ ಆಗಿದ್ದರೆ ಇದನ್ನು ಜರಡಿ ಎಂದು ಕರೆದು ಮುಗಿಸಬಹುದಿತ್ತು. ಸೊಗಸು ಇರುವುದು ಮುಂದೆ. ಇಕ್ಕಟ್ಟಿನ ಒಂದು ಗೋಡೆಯಲ್ಲಿ ಧನಾವೇಶದ ಆರ್ಜಿನೈನ್‌ಗಳು ಸಾಲುಗಟ್ಟಿವೆ, ಎದುರು ಗೋಡೆಯಲ್ಲಿ ಋಣಾವೇಶದ ಗುಂಪು. ನಡುವೆ ಸಿಕ್ಕ ನೀರಿನ ಅಣುಗಳು ಕೂಡ ಮನಬಂದಂತೆ ತಿರುಗಲಾರದೆ ಒಂದೇ ದಿಕ್ಕಿಗೆ ಮುಖಮಾಡುತ್ತವೆ. ಆಂಪಿಸಿಲಿನ್ ಮೈಯಲ್ಲಿ ಎರಡೂ ಆವೇಶಗಳಿವೆ. ತನ್ನ ಋಣದ ತುದಿಯನ್ನು ಆ ಗೋಡೆಗೂ ಧನದ ತುದಿಯನ್ನು ಈ ಗೋಡೆಗೂ ಒಡ್ಡಿ, ಹಲಸಿನ ಹಣ್ಣು ಹೊತ್ತವನು ಕಿರುಬಾಗಿಲಲ್ಲಿ ಮೈ ಓರೆ ಮಾಡುವಂತೆ ಓರೆಯಾಗಿ, ಅದು ದಾಟಿಬಿಡುತ್ತದೆ. ಜಿಡ್ಡಿಗೆ ಒಗ್ಗುವ, ನೀರಿಗೆ ಒಲ್ಲದ ಅಣುಗಳಿಗೆ ಇಲ್ಲಿ ದಾರಿ ಕಷ್ಟ.

ಎಲ್ಲ ಕಿಂಡಿಗಳೂ ಹೀಗೆ ಬಂದವರಿಗೆಲ್ಲ ಒಂದೇ ನ್ಯಾಯ ಹೇಳುವುದಿಲ್ಲ. ಅನ್ನದ ಪಿಷ್ಟ ಒಡೆದಾಗ ಹುಟ್ಟುವ ಮಾಲ್ಟೋಸ್ ಸರಪಳಿಗಳಿಗೆ ಲ್ಯಾಮ್‌ಬಿ ಎಂಬ ಪ್ರತ್ಯೇಕ ದಾರಿಯಿದೆ. ಅದರ ಒಳಗೋಡೆಯಲ್ಲಿ ಚಪ್ಪಟೆ ಉಂಗುರಗಳಿರುವ ಅಮೈನೋ ಆಮ್ಲಗಳು ಮೆಟ್ಟಿಲಿನಂತೆ ಸುರುಳಿಯಾಗಿ ಇಳಿದಿವೆ. ಸಕ್ಕರೆಯ ಉಂಗುರ ಒಂದರ ಮೇಲೆ ಮೈಯೊರಗಿಸಿ, ಮುಂದಿನದಕ್ಕೆ ಜಾರಿ, ಹಾಗೇ ಒಳಗಿಳಿಯುತ್ತದೆ. ‘ಜಿಡ್ಡಿನ ಜಾರುಬಂಡೆ’ ಎನ್ನುವುದು ವಿಜ್ಞಾನಿಗಳೇ ಕೊಟ್ಟ ಅಡ್ಡಹೆಸರು. ಈ ಸವಲತ್ತಿಗೆ ಬ್ಯಾಕ್ಟೀರಿಯಾ ಬೆಲೆ ತೆರುತ್ತದೆ: ಲ್ಯಾಂಬ್ಡಾ ಎಂಬ ವೈರಸ್ಸು ಹಿಡಿದು ತೂಗಿಕೊಳ್ಳುವ ಗೂಟವೂ ಇದೇ ಪ್ರೋಟೀನು. ಲ್ಯಾಮ್‌ಬಿ ಎಂಬ ಹೆಸರೇ ಆ ವೈರಸ್ಸಿನಿಂದ ಬಂದದ್ದು. ಊಟದ ಬಾಗಿಲಿಗೆ ಕಳ್ಳನ ಹೆಸರು!

ಬ್ಯಾಕ್ಟೀರಿಯಾಕ್ಕೆ ಬೇಲಿ ಬದಲಿಸುವುದೂ ಗೊತ್ತು. ತೆಳುನೀರಿನ ಹಳ್ಳಕೊಳ್ಳಗಳಲ್ಲಿ, ಆಹಾರ ವಿರಳವಾದಲ್ಲಿ, ಅಗಲದ ಆಂಪ್‌ಎಫ್ ಹೆಚ್ಚು. ನಮ್ಮ ಕರುಳಿನ ಬೆಚ್ಚಗಿನ, ಉಪ್ಪಿನ, ಪಿತ್ತ ತುಂಬಿದ ನೀರಿಗೆ ಬಂದಮೇಲೆ ಅದನ್ನು ತಗ್ಗಿಸಿ, ಇನ್ನೂ ಬಿಗಿಯಾದ ಆಂಪ್‌ಸಿ ಎಂಬ ಕಿಂಡಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಉಣ್ಣಲು ಅಲ್ಲಿ ಬೇಕಾದಷ್ಟಿದೆ, ತಡೆಯಬೇಕಾದದ್ದು ಪಿತ್ತವನ್ನು.

ಆಸ್ಪತ್ರೆಗಳನ್ನು ಕಾಡುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಕೆಲವು ತಳಿಗಳು ಇದೇ ಯುಕ್ತಿಯನ್ನು ಔಷಧಿಯ ಮೇಲೆ ಹೂಡಿವೆ. ನಡುದಾರಿಯ ಆ ಕುಣಿಕೆಗೆ ಎರಡೇ ಎರಡು ಅಮೈನೋ ಆಮ್ಲ ಹೆಚ್ಚಾಗಿ ಸೇರಿದರೆ ಸಾಕು, ಕಿಂಡಿ ಕಿರಿದಾಗಿ ಮೆರೊಪೆನೆಮ್‌ನಂಥ ಔಷಧಿಗೂ ಒಳಬರುವುದು ಕಷ್ಟವಾಗುತ್ತದೆ. ಕಿಂಡಿಯನ್ನೇ ಕಿತ್ತೊಗೆದ ತಳಿಗಳೂ ಇವೆ. ಆದರೆ ಔಷಧಿ ಬರುವ ದಾರಿಯಲ್ಲೇ ಅನ್ನವೂ ಬರಬೇಕಲ್ಲ. ಹಾಗೆ ಕಿತ್ತೊಗೆದದ್ದು ಔಷಧಿ ಎದುರಿಗಿಲ್ಲದ ದಿನ ಸೊರಗುತ್ತದೆ.

ಹುಡುಗಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ರೆಕಾರ್ಡ್ ಪುಸ್ತಕದಲ್ಲಿ ‘ಬಿಲ್ಲೆ ಹಳೆಯದು’ ಎಂದು ಬರೆದದ್ದನ್ನು ಸ್ಕೇಲಿಟ್ಟು ನೇರಕ್ಕೆ ಹೊಡೆದುಹಾಕಿದಳು. ಆಮೇಲೆ ತಟ್ಟೆಗಳನ್ನೆಲ್ಲ ಪೇರಿಸಿಕೊಂಡು, 121 ಡಿಗ್ರಿಯಲ್ಲಿ ಬೇಯಿಸಲು ಆಟೋಕ್ಲೇವ್ ಕಡೆ ಹೊರಟಳು.