ಪಕ್ಕವಾದ್ಯವಿಲ್ಲದ ಕಚೇರಿ

ಪಾಶ್ಚಾತ್ಯ ಸಂಗೀತವೆಂದರೆ ದೊರೆಗಳಿಗೂ ಧನಿಕರಿಗೂ ಮೀಸಲಾದುದೆಂದು ನಮ್ಮವರಲ್ಲಿ ಬಹುಮಂದಿ ನಂಬಿರುವರು. ಮುಂಬಯಿಯ ನರಿಮನ್ ಪಾಯಿಂಟಿನಲ್ಲಿ ಇಂಥ ಕಚೇರಿಗಳು ನಡೆಯುವ ಸಭಾಂಗಣಗಳಿವೆ. ಕಚೇರಿ ಬಿಟ್ಟು ಬಸ್ಸಿಗೆ ಧಾವಿಸುವ ಗುಮಾಸ್ತರೂ, ಪಾಳಿ ಮುಗಿಸಿ ಕೋಣೆಗೆ ಮರಳುವ ಹೊಟೆಲು ನೌಕರರೂ ಅವುಗಳ ಬಾಗಿಲನ್ನು ಹೊರಗಿನಿಂದಲೇ ನೋಡಿ ಸಾಗುವುದುಂಟು. ಆ ಬಾಗಿಲಿನ ಒಳಗೆ ಕೇಳಿಬರುವ ಒಂದು ಬಗೆಯ ಸಂಗೀತವನ್ನು, ಅಂದರೆ ಪಿಟೀಲು ಮತ್ತು ಪಿಯಾನೋಗಳಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ರಚಿತವಾದ ಸೊನಾಟಾಗಳನ್ನು, ವಾಚಕರಿಗೆ ಪರಿಚಯಿಸುವುದು ನಮ್ಮ ಉದ್ದೇಶ. ಅವನ್ನು ರಚಿಸಿದವರೂ ದುಡಿದು ಉಂಡವರೇ ಎಂಬುದನ್ನು ಮೊದಲೇ ಹೇಳಿಬಿಡುವೆವು.

ಪಿಟೀಲು ನಮಗೆ ಹೊಸದಲ್ಲ. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ದಕ್ಷಿಣದ ಸಂಗೀತವನ್ನು ಸೇರಿದ ಆ ವಾದ್ಯವು ಇಂದು ನಮ್ಮದೇ ಆಗಿಹೋಗಿದೆ. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಬಿಗಿದು, ಅದರ ನಾದವು ಸಭೆಯ ಕೊನೆಯ ಸಾಲಿಗೂ ಮುಟ್ಟುವಂತೆ ಮಾಡಿದರು. ಆದರೂ ನಮ್ಮಲ್ಲಿ ಅದು ಬಹುಮಟ್ಟಿಗೆ ಪಕ್ಕವಾದ್ಯವೇ ಸರಿ. ಯುರೋಪಿನಲ್ಲಿಯೂ ಒಂದು ಕಾಲಕ್ಕೆ ಸೊನಾಟಾದಲ್ಲಿ ಅದರ ಸ್ಥಾನ ಹಾಗೆಯೇ ಇದ್ದಿತು. ಮೊಜಾರ್ಟನು ಬಾಲ್ಯದಲ್ಲಿ ಪ್ರಕಟಿಸಿದ ಸೊನಾಟಾಗಳಲ್ಲಿ ಪಿಟೀಲು ಮಣೆವಾದ್ಯಕ್ಕೆ ಒತ್ತಾಸೆ ಮಾತ್ರ. 1803ರಲ್ಲಿ ಬೀಥೋವನನು ‘ಕ್ರಾಯ್ಟ್ಸರ್’ ಸೊನಾಟಾವನ್ನು ಮುಗಿಸುವ ಹೊತ್ತಿಗೆ ಎರಡೂ ವಾದ್ಯಗಳು ಸರಿಸಮನಾಗಿ ನಿಂತಿದ್ದವು. ಹೊಟೆಲಿನ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಇಬ್ಬರೂ ಪಾಲುದಾರರು. ಒಬ್ಬ ಧಣಿ, ಒಬ್ಬ ಆಳು ಎಂಬುದಿಲ್ಲ.

ಸೊನಾಟಾದಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಭಾಗಗಳಿರುವುವು. ನಮ್ಮ ವಿದ್ವಾಂಸರ ಮನೋಧರ್ಮಕ್ಕೆ ಅಲ್ಲಿ ಎಡೆಯಿಲ್ಲ. ಪ್ರತಿಯೊಂದು ಸ್ವರವೂ ಬರೆದಿಟ್ಟದ್ದು. ಆದರೆ ಬರೆದಿಟ್ಟ ಆ ಸ್ವರಗಳ ಹಿಂದೆ ಎಂಥ ಬಾಳು ಇರಬಹುದೆಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುವೆವು.

1853ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷದ ಯೋಹಾನೆಸ್ ಬ್ರಾಮ್ಸನು ಜರ್ಮನಿಯ ಡ್ಯುಸೆಲ್‌ಡಾರ್ಫಿನಲ್ಲಿ ರಾಬರ್ಟ್ ಶೂಮಾನ್ ಮತ್ತು ಕ್ಲಾರಾ ದಂಪತಿಗಳ ಮನೆಯಲ್ಲಿ ಆದರದ ಅತಿಥಿಯಾಗಿದ್ದನು. ಅವನ ತಂದೆ ಹ್ಯಾಂಬರ್ಗಿನ ಕುಣಿತದ ಶಾಲೆಗಳಲ್ಲಿ ವಾದ್ಯ ನುಡಿಸಿ ಸಂಸಾರ ಸಾಗಿಸಿದವನು. ಆ ತಿಂಗಳು ಶೂಮಾನ್, ಆತನ ಶಿಷ್ಯ ಡೀಟ್ರಿಖ್, ಬ್ರಾಮ್ಸ್ ಮೂವರೂ ಕೂಡಿ ಒಂದು ಸೊನಾಟಾವನ್ನು ರಚಿಸಿ, ಗೆಳೆಯನಾದ ಪಿಟೀಲುವಾದಕ ಯೋವಾಖಿಮನಿಗೆ ಕಾಣಿಕೆಯಾಗಿತ್ತರು. ‘ಸ್ವತಂತ್ರ, ಆದರೆ ಏಕಾಕಿ’ ಎಂಬುದು ಯೋವಾಖಿಮನ ಧ್ಯೇಯವಾಕ್ಯ. ಜರ್ಮನ್ ಭಾಷೆಯಲ್ಲಿ ಅದರ ಮೂರು ಪದಗಳ ಮೊದಲಕ್ಷರಗಳಾದ ಎಫ್, ಎ, ಇ ಸ್ವರಗಳೇ ಆ ಕೃತಿಗೆ ಬೀಜ. ಊರು ಬಿಟ್ಟು ಬಂದು ಕೋಣೆಯಲ್ಲಿ ಚಾಪೆ ಹಾಸಿಕೊಂಡಿರುವ ನಮ್ಮ ತರುಣರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ತಿಂಗಳೊಳಗೆ ಆ ಮನೆಗೆ ಸಿಡಿಲು ಬಡಿಯಿತು. ಚಿತ್ತಸ್ವಾಸ್ಥ್ಯ ಕೆಟ್ಟ ಶೂಮಾನನು ರೈನ್ ನದಿಗೆ ಹಾರಿದನು. ಬದುಕಿದರೂ ಆಸ್ಪತ್ರೆಯಿಂದ ಮರಳಲಿಲ್ಲ. 1856ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನು ಆಸ್ಪತ್ರೆ ಸೇರಿದ ಮೇಲೆ ಹುಟ್ಟಿದ ಫೆಲಿಕ್ಸ್ ಎಂಬ ಮಗನು ತಂದೆಯ ಮುಖವನ್ನೇ ಕಾಣಲಿಲ್ಲ. ಏಳು ಮಕ್ಕಳನ್ನು ಸಾಕುವ ಭಾರ ಹೊತ್ತ ಕ್ಲಾರಾ ಊರೂರು ತಿರುಗಿ ಪಿಯಾನೋ ನುಡಿಸಿ ಹಣ ಸಂಪಾದಿಸಿದಳು. ಬ್ರಾಮ್ಸನು ಫೆಲಿಕ್ಸನ ಧರ್ಮಪಿತನಾದನು. ಹುಡುಗನು ಪಿಟೀಲು ಕಲಿತನು, ಕವಿತೆ ಬರೆದನು. ಆ ಕವಿತೆಗಳಲ್ಲಿ ಕೆಲವಕ್ಕೆ ಬ್ರಾಮ್ಸನೇ ರಾಗ ಹಾಕಿದನು. 1879ರ ಫೆಬ್ರವರಿಯಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಫೆಲಿಕ್ಸನು ಕ್ಷಯರೋಗಕ್ಕೆ ಬಲಿಯಾದನು.

ಆ ದಿನಗಳಲ್ಲಿ ಬ್ರಾಮ್ಸನು ಕ್ಲಾರಾಳಿಗೆ ಬರೆದ ಕಾಗದದಲ್ಲಿ ಸಂತಾಪದ ಮಾತಿಗಿಂತ ಮುಖ್ಯವಾದುದು ಒಂದು ವಿಳಂಬಗತಿಯ ರಚನೆಯ ಆರಂಭದ ಸ್ವರಗಳು. ತಾಯಿಯನ್ನೂ ಮಗನನ್ನೂ ತಾನು ಎಷ್ಟು ನೆನೆಯುವೆನೆಂಬುದನ್ನು ಅವು ತನಗಿಂತ ಚೆನ್ನಾಗಿ ತಿಳಿಸುವುವೆಂಬುದು ಅವನ ಭಾವ. ಅದೇ ಜಿ ಮೇಜರ್ ಸೊನಾಟಾದ ಎರಡನೆಯ ಭಾಗವಾಯಿತು. ಮೂರನೆಯ ಭಾಗವು ಕ್ಲಾರಾಳಿಗೆ ಬಹು ಪ್ರಿಯವಾಗಿದ್ದ ಅವನದೇ ‘ಮಳೆಯ ಹಾಡಿ’ನಿಂದ ಹುಟ್ಟಿದುದು. ಮಳೆಯ ಸದ್ದು ಕೇಳಿದಾಗ ಬಾಲ್ಯದ ಕನಸುಗಳು ಮರಳಿ ಎಚ್ಚರಗೊಳ್ಳುವುದೇ ಆ ಹಾಡಿನ ವಸ್ತು. ಪಿಯಾನೋವಿನಲ್ಲಿ ಹನಿಗಳು ಬಿಡದೆ ಉದುರುವುವು. ಮೇಲೆ ಪಿಟೀಲು ಒಂದೇ ಸ್ವರವನ್ನು ಮೂರು ಬಾರಿ ಮುಟ್ಟಿ ಹಾಡತೊಡಗುವುದು. ನಡುವೆ ಫೆಲಿಕ್ಸನಿಗಾಗಿ ಬರೆದ ಆ ಸ್ವರಗಳು ಮಳೆಯೊಳಗೆ ಇನ್ನೊಮ್ಮೆ ಕೇಳಿಬರುವುವು. ಪರಲೋಕದ ಪಯಣದಲ್ಲಿ ಈ ಭಾಗವೇ ತನ್ನ ಜತೆಗಿರಲೆಂದು ಕ್ಲಾರಾ ಹಾರೈಸಿದಳಂತೆ. ಹಂಚಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವುದನ್ನು ಕೇಳಿ ಬೆಳೆದ ನಮ್ಮ ಕರಾವಳಿ ಮಲೆನಾಡಿನವರಿಗೆ ಇದು ಪರದೇಶದ ಸಂಗೀತವೆನಿಸುವುದೆ?

ಎರಡನೆಯದು ಸಂತೋಷದ ಕಥೆ. ಸೀಸರ್ ಫ್ರಾಂಕನು ಪ್ಯಾರಿಸಿನ ಇಗರ್ಜಿಯೊಂದರಲ್ಲಿ ಆರ್ಗನ್ ವಾದಕ. ದಿನವೆಲ್ಲ ಪಾಠ ಹೇಳುವುದು ಅವನ ಜೀವನೋಪಾಯ. ಮುಂಜಾನೆ ಪಾಠಗಳಿಗೆ ಮುನ್ನ ದೊರೆತ ಹೊತ್ತಿನಲ್ಲಿಯೇ ಅವನ ರಚನೆ ಸಾಗಬೇಕು. ಅರುವತ್ತಮೂರನೆಯ ವಯಸ್ಸಿನಲ್ಲಿ, 1886ರಲ್ಲಿ, ಬೆಲ್ಜಿಯಮ್ಮಿನ ಪಿಟೀಲುವಾದಕ ಇಸಾಯಿಯ ಮದುವೆಗೆ ಉಡುಗೊರೆಯಾಗಿ ಒಂದು ಸೊನಾಟಾವನ್ನು ಬರೆದು ಕಳುಹಿದನು. ಮದುಮಗನು ಮದುವೆಯ ದಿನವೇ ಅದನ್ನು ನುಡಿಸಿದನು. ಕೊನೆಯ ಭಾಗದಲ್ಲಿ ಪಿಯಾನೋ ಹಾಡಿದುದನ್ನೇ ಪಿಟೀಲು ಒಂದು ಹೆಜ್ಜೆ ಹಿಂದೆ ಹಾಡುತ್ತ ಬರುವುದು, ಸಪ್ತಪದಿ ತುಳಿದಂತೆ!

ಅದೇ ಡಿಸೆಂಬರಿನಲ್ಲಿ ಬ್ರಸೆಲ್ಸಿನ ಚಿತ್ರಶಾಲೆಯೊಂದರಲ್ಲಿ ಅದರ ಬಹಿರಂಗ ಕಚೇರಿ ನಡೆಯಿತು. ಚಿತ್ರಗಳಿದ್ದ ಆ ಕೋಣೆಯಲ್ಲಿ ದೀಪ ಹಚ್ಚುವಂತಿರಲಿಲ್ಲ. ಮೊದಲ ಭಾಗ ಮುಗಿಯುವಷ್ಟರಲ್ಲಿ ಕತ್ತಲು ಕವಿಯಿತು, ಬರೆದುದು ಕಾಣದು. ಆದರೂ ಇಸಾಯಿಯೂ ಪಿಯಾನೋ ನುಡಿಸುತ್ತಿದ್ದ ಶ್ರೀಮತಿ ಬೋರ್ಡ್-ಪೆನ್ ಅವರೂ ನಿಲ್ಲಿಸದೆ, ಉಳಿದ ಮೂರು ಭಾಗಗಳನ್ನೂ ಕತ್ತಲಲ್ಲಿಯೇ ನೆನಪಿನಿಂದ ನುಡಿಸಿದರೆಂದು ಫ್ರಾಂಕನ ಶಿಷ್ಯ ದಾಂದಿ ಬರೆದಿಟ್ಟಿರುವನು. ಒಬ್ಬರ ಮೇಲೊಬ್ಬರಿಗೆ ಪೂರ್ಣ ಭರವಸೆಯಿಲ್ಲದೆ ಈ ಕೆಲಸ ಆಗುವಂಥದಲ್ಲ.

ಇಂಥ ಕಚೇರಿಗೆ ಹೋಗುವವರಿಗೆ ಎರಡು ಸೂಚನೆಗಳು. ಭಾಗ ಭಾಗಗಳ ನಡುವಣ ಮೌನದಲ್ಲಿ ಚಪ್ಪಾಳೆ ತಟ್ಟುವ ವಾಡಿಕೆಯಿಲ್ಲ. ಕೃತಿ ಪೂರ್ತಿ ಮುಗಿದ ಮೇಲೆ ಮನಸಾರ ತಟ್ಟಬಹುದು. ಪಿಟೀಲನ್ನೇ ನೋಡುತ್ತ ಕೂಡಬಾರದು. ರಾಗದ ಎಳೆ ಈಗ ಯಾರ ಕೈಯಲ್ಲಿದೆ ಎಂದು ಕಿವಿಯಿಂದ ಹಿಂಬಾಲಿಸಬೇಕು.

ಟಿಕೀಟಿಗೆ ಹಣವಿಲ್ಲದಿದ್ದರೆ ಚಿಂತೆಯಿಲ್ಲ. ಇಂದು ಈ ಕೃತಿಗಳು ಕೈಯಲ್ಲಿರುವ ಮೊಬೈಲಿನಲ್ಲಿಯೇ ದೊರೆಯುವುವು. ಜಿ ಮೇಜರ್ ಸೊನಾಟಾಕ್ಕೆ ಹಿಡಿಯುವ ಕಾಲ ಅರ್ಧ ಗಂಟೆಗಿಂತ ಹೆಚ್ಚಲ್ಲ. ಮಳೆಗಾಲದ ಒಂದು ರಾತ್ರಿ, ಕೊನೆಯ ಗಿರಾಕಿ ಹೋಗಿ ಬಾಗಿಲು ಹಾಕಿದ ಮೇಲೆ, ಅದರ ಕೊನೆಯ ಭಾಗದಿಂದ ಆರಂಭಿಸಿರಿ ಎಂಬುದು ನಮ್ಮ ಸಲಹೆ.